ಜಿಗಿ ಇಲ್ಲದ ಹಿಟ್ಟು

ಕಾಯಿಲೆಯ ಹೆಸರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಬೆಳಿಗ್ಗೆ ಕಲಸಿ ಫ್ರಿಜ್ಜಿನಲ್ಲಿಟ್ಟು ಬಂದಿದ್ದ ಚಪಾತಿ ಹಿಟ್ಟು. ಸಂಜೆ ಹೋಗಿ ಲಟ್ಟಿಸುವುದು, ಜೊತೆಗೆ ಬದನೆಕಾಯಿ ಎಣ್ಣೆಗಾಯಿ ಮಾಡುವುದು ಎಂದುಕೊಂಡಿದ್ದೆ. ಡಾಕ್ಟರು ಎಂಡೋಸ್ಕೊಪಿಯ ವರದಿಯನ್ನು ಮೇಜಿನ ಮೇಲಿಟ್ಟು ಸೀಲಿಯಾಕ್ ಎಂದರು.

“ಗೋಧಿ ಬಿಡಬೇಕಮ್ಮ ನೀವು. ಚಪಾತಿ, ರವೆ, ಮೈದಾ, ಶಾವಿಗೆ, ಬ್ರೆಡ್ಡು, ಬಿಸ್ಕೆಟ್ಟು, ಎಲ್ಲ. ಲೈಫ್ ಲಾಂಗ್.”

“ಎಷ್ಟರ ಮಟ್ಟಿಗೆ ಬಿಡಬೇಕು?”

“ಮಟ್ಟಿಗೆ ಅಂತ ಏನಿಲ್ಲ. ಪೂರ್ತಿ.”

ಇದನ್ನು ಬರೆಯುತ್ತಿರುವುದು ಆ ಹೆಸರನ್ನು ಮೊನ್ನೆ ಮೊನ್ನೆ ಕೇಳಿಸಿಕೊಂಡು ಈಗ ತಮ್ಮದೇ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವ ಯಾರಾದರೂ ಒಬ್ಬರಿಗಾಗಿ. ಕಾಯಿಲೆಯ ವಿವರ ಎಲ್ಲ ಕಡೆ ಸಿಗುತ್ತದೆ. ಗೋಧಿಯಲ್ಲಿರುವ ಒಂದು ಅಂಶ ಕೆಲವರ ಕರುಳನ್ನು ಹಾಳುಮಾಡುತ್ತದೆ, ಗೋಧಿ ಬಿಟ್ಟರೆ ಕರುಳು ನಿಧಾನವಾಗಿ ಸರಿಹೋಗುತ್ತದೆ. ಅಷ್ಟೇ. ಇದಕ್ಕೆ ಮಾತ್ರೆ ಇಲ್ಲ. ಔಷಧಿ ಎಂಬುದೇನಾದರೂ ಇದ್ದರೆ ಅದು ಮನೆಯ ಅಡುಗೆ. ಕಷ್ಟವೂ ಅಲ್ಲೇ ಇದೆ, ಏಕೆಂದರೆ ಅಡುಗೆಮನೆ ಒಬ್ಬರದಾಗಿರುವುದಿಲ್ಲ.

ಅದಕ್ಕೆ ಮುಂಚಿನ ಎರಡು ವರ್ಷ ನಾನು ದಣಿದೇ ಇದ್ದೆ. ಪೀಣ್ಯದಲ್ಲಿ ಲೋಹಲೇಪನದ ಮಾದರಿಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬಾಗಲಗುಂಟೆಯ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ನಡೆಯುವಷ್ಟರಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ಹೊಟ್ಟೆ ಒಂದು ದಿನವೂ ಸರಿಯಿರುತ್ತಿರಲಿಲ್ಲ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತ ಏರುತ್ತಿರಲಿಲ್ಲ. ಊರಿನವರು ಬೆಂಗಳೂರಿನ ನೀರು ಅಂದರು, ಬೆಂಗಳೂರಿನವರು ಟೆನ್ಷನ್ ಅಂದರು. ನಡುವೆ ಒಂದು ಸಲ ಗರ್ಭ ನಿಂತು ಮೂರನೆಯ ತಿಂಗಳು ಹೋಯಿತು. ಅದರ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಎಂಡೋಸ್ಕೊಪಿಗೆ ಕಾಯುತ್ತ ಕೂತಿದ್ದಾಗ ಪಕ್ಕದ ಹೆಂಗಸು ಕಿತ್ತಳೆ ಸುಲಿಯುತ್ತಿದ್ದರು. ನಾನು ಖಾಲಿ ಹೊಟ್ಟೆಯಲ್ಲಿರಬೇಕಿತ್ತು. “ತಗೊಳ್ಳಿ ಮೇಡಂ” ಎಂದು ಎರಡು ತೊಳೆ ಚಾಚಿದರು. ಬೇಡವೆಂದೆ. “ಮಕ್ಕಳೆಷ್ಟು ಮೇಡಂ?” ಎಂದರು. ಇಲ್ಲವೆಂದೆ. ಅವರು ಆ ಎರಡು ತೊಳೆಯನ್ನು ಮತ್ತೆ ಚಾಚಿದರು. ಅವರ ಬಳಿ ಕೊಡಲು ಇದ್ದದ್ದು ಅಷ್ಟೇ ಎಂದು ಈಗ ಅನ್ನಿಸುತ್ತದೆ. ಆ ದಿನ ಮಾತ್ರ ಎದ್ದು ಹೋಗಿ ನೀರಿನ ಫಿಲ್ಟರಿನ ಪಕ್ಕ ನಿಂತುಕೊಂಡೆ.

ವರದಿ ಬಂದ ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ಮನೆಯಲ್ಲಿ ನಾವು ಮೂವರು. ನಾನು, ನನ್ನ ಗಂಡ ಶಿವಾನಂದ, ಅವರ ತಾಯಿ. ಅವರದು ಗದಗದ ಕಡೆ, ನಮ್ಮದು ದಾವಣಗೆರೆ. ಅತ್ತೆ ಕೈಯಲ್ಲಿದ್ದ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

“ಗೋಧಿ ತಿಂದ್ರ ಜಡ್ಡ ಬರತೈತಿ ಅನ್ನೂದಾದ್ರ ಪಂಜಾಬದಾಗ ಒಬ್ಬರೂ ಉಳೀತಿರಲಿಲ್ಲಲ್ಲವಾ.”

ಶಿವಾನಂದ ನಕ್ಕರು. ನಾನೂ ನಕ್ಕೆ.

“ಎಲ್ಲಾರಿಗೂ ಬರಲ್ಲ ಅತ್ತೆ. ನನಗೆ ಬಂದೈತಿ.”

“ಜ್ವಾಳಕ್ಕೇನು ಅಡ್ಡಿ ಇಲ್ಲಲ್ಲ?”

“ಇಲ್ಲ. ಜೋಳ, ಅಕ್ಕಿ, ರಾಗಿ, ಬೇಳೆ, ಎಲ್ಲ ತಿನ್ನಬೌದು.”

“ಮತ್ತೇನು? ನಮ್ಮ ಮನಿಗೆ ಜಡ್ಡು ವಿಚಾರ ಮಾಡೇ ಬಂದೈತಿ. ನಾಳಿಂದ ನಿನ್ನ ರೊಟ್ಟಿ ನನ್ನ ಪಾಲಿಗೆ ಬಿಡು.”

ಆ ಮಾತು ಆಗ ನನಗೆ ಎಷ್ಟು ಸಮಾಧಾನ ಕೊಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅತ್ತೆಯ ರೊಟ್ಟಿ ನೆಂಟರಿಷ್ಟರಲ್ಲಿ ಹೆಸರಾದದ್ದು. ಅಂಚು ಬಿಡದೆ, ಚಂದ್ರನಂತೆ ದುಂಡಗೆ, ಹಂಚಿನ ಮೇಲೆ ಉಬ್ಬಿ ಏಳುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ತಟ್ಟಿದ ರೊಟ್ಟಿ ಮುರಿದಾಗ ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, “ಇದು ಯಾವ ಜಿಲ್ಲಾದ ನಕಾಶೆ?” ಎಂದಿದ್ದರು. ಅಂದಿನಿಂದ ರೊಟ್ಟಿ ಅವರ ಕೆಲಸ, ಉಳಿದದ್ದು ನನ್ನದು.

ಉಳಿದದ್ದನ್ನು ನಾನು ಶಿಸ್ತಿನಿಂದ ಮಾಡಿದೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನೂ ಬೀಸುತ್ತಾರೆಂದು ಮನೆಯಲ್ಲೇ ಬೀಸುವ ಪುಟ್ಟ ಯಂತ್ರ ತಂದೆ. ಸಾರಿಗೆ ಹಾಕುವ ಇಂಗಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿರುವುದನ್ನು ನೋಡಿ ಇಂಗು ನಿಲ್ಲಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕತೊಡಗಿದೆ. ನನಗೆ ಬೇರೆ ಹಂಚು, ಬೇರೆ ಪರಾತ, ಬೇರೆ ಸೌಟು. ಶಿವಾನಂದರ ಚಪಾತಿ ಹಿಟ್ಟಿನ ಡಬ್ಬವನ್ನು ಕೆಳಗಿನ ಕಪಾಟಿಗೆ ಇಳಿಸಿದೆ.

ಬೇರೆ ಪಾತ್ರೆಗಳನ್ನು ನೋಡಿ ಅತ್ತೆಯ ಮುಖ ಸಣ್ಣದಾಯಿತು.

“ನಮ್ಮ ಮನ್ಯಾಗ ಮಡಿ ಮೈಲಿಗಿ ಅನ್ನೂದು ನಮ್ಮತ್ತಿ ಕಾಲಕ್ಕೂ ಇದ್ದಿಲ್ಲ. ಯಾರ ಬಂದ್ರೂ ಒಂದ ಹಂಚು, ಒಂದ ಸಾಲು. ಓದಿದಾಕಿ ನೀ ತಂದಿ ನೋಡು ಅದನ್ನ.”

“ಮಡಿ ಅಲ್ಲ ಅತ್ತೆ, ಗೋಧಿ ಅಂಟಬಾರದು ಅಂತ.”

“ಅಂಟೂದು, ಮುಟ್ಟೂದು. ಅದನ್ನ ಮಡಿ ಅಂತಾರವಾ.”

ನನ್ನ ಹಂಚನ್ನು ತೊಳೆದು ಬೇರೆಯಾಗಿಯೇ ಎತ್ತಿಟ್ಟೆ.

ಮಾದನಾಯಕನಹಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಸ್ವಾಮಿಗಳ ಪಾದಪೂಜೆ ಮುಗಿದು ಎಲ್ಲರೂ ಪ್ರಸಾದಕ್ಕೆ ಕೂತೆವು. ಗೋಧಿ ಹುಗ್ಗಿ, ಮೇಲೆ ತುಪ್ಪ, ಹಾಲು. ಬಡಿಸುವವರು ನನ್ನ ಎಲೆಯ ಮುಂದೆ ಸೌಟು ಹಿಡಿದು ನಿಂತಾಗ ನಾನು ಕೈ ಅಡ್ಡ ಇಟ್ಟೆ. ಸಾಲಿನವರು ತಿರುಗಿ ನೋಡಿದರು.

“ಪ್ರಸಾದಕ್ಕ ಯಾವ ಪಥ್ಯೇನವಾ?” ಎಂದಳು ಶಿವಾನಂದರ ಅಕ್ಕ, ಎದುರು ಸಾಲಿನಿಂದ. ಅವಳು ಹುಬ್ಬಳ್ಳಿಯಿಂದ ಬಂದಿದ್ದಳು.

“ಒಂದ ಚಮಚ ಹಾಕ್ರಿ ಸಾಕು,” ಎಂದರು ಅತ್ತೆ, ಬಡಿಸುವವನಿಗೆ.

ನಾನು ಕೈ ತೆಗೆಯಲಿಲ್ಲ. ಅನ್ನ, ಸಾರು ಉಂಡು ಎದ್ದೆ. ಮನೆಯ ಮೆಟ್ಟಿಲ ಬಳಿ ಶಿವಾನಂದ, “ಒಂದ್ ಚಮಚಕ್ಕ ಏನೂ ಆಗ್ತಿರಲಿಲ್ಲ ಬಿಡು. ಎಲ್ಲಾರ ಮುಂದ ಅವ್ವನ ಮಾನ ಹೋತು,” ಎಂದರು. ಅವರು ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವವರು. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಕಂಡರೂ ಇಡೀ ಲಾಟನ್ನು ವಾಪಸ್ ಕಳಿಸುವುದು ಅವರ ಕೆಲಸ. ಆ ಕೆಲಸದಲ್ಲಿ ಅವರಿಗೆ ಒಳ್ಳೆಯ ಹೆಸರಿದೆ.

ನನ್ನನ್ನು ಮೊದಲ ಮಾತಿಗೇ ನಂಬಿದವಳು ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನ ಮಂಜುಳಾ. ನೆಲಮಂಗಲದ ಕಡೆಯವಳು. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಅವಳು ತನ್ನ ಚಪಾತಿ ಡಬ್ಬಿಯನ್ನು ಮೇಜಿನ ಆ ತುದಿಗೆ ಸರಿಸಿದಳು.

“ಅಂಗಾದ್ರೆ ಗೋದಿ ಮುಟ್ಟಿದ ಕೈಯಲ್ಲಿ ನಿಂದು ಮುಟ್ಟಂಗಿಲ್ಲ. ನಮ್ಮ ನಿಕ್ಕಲ್ ತೊಟ್ಟಿ ಇದ್ದಂಗೆ, ಅಲ್ವಾ?”

ನಿಕ್ಕಲ್ ಲೇಪನದ ತೊಟ್ಟಿಗೆ ಬೇರೆ ಲೋಹ ಒಂದಿಷ್ಟು ಸೇರಿದರೂ ಅದರಲ್ಲಿ ಅದ್ದಿದ ಮಾಲೆಲ್ಲ ಕಪ್ಪಾಗಿ ಬರುತ್ತದೆ. ಅಂಥ ಕಪ್ಪಾದ ಮಾಲು ದಿನವೂ ನಮ್ಮ ಮೇಜಿಗೆ ಬರುತ್ತಿತ್ತು. ಮರುವಾರ ಅವಳು ಸಂತೆಯಿಂದ ಮುದ್ದೆ ಕೋಲು ತಂದುಕೊಟ್ಟಳು.

“ಒಸಾದು. ನಮ್ಮನೇಲಿ ಬಳಸಿಲ್ಲ, ಎದ್ರಬೇಡ. ನೀರು ಕುದಿಯೋವಾಗ ಇಟ್ಟು ಸುರಿದು ಸುಮ್ನೆ ಬಿಡು, ಕಲಕ್ಬೇಡ. ನಿಮ್ಮ ಕಡೆಯೋರಿಗೆ ತಾಳ್ಮೆ ಇಲ್ಲ, ಅದ್ಕೇ ಗಂಟಾಗೋದು.”

ಆ ವರ್ಷ ನನಗೆ ಸಿಕ್ಕ ದಯೆಗಳಲ್ಲಿ ಒಂದು ಆ ಕೋಲು.

ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ಗೋಧಿ ನಿಜವಾಗಿ ಬಿಟ್ಟಿದ್ದರೆ ಅದರಲ್ಲಿ ಒಂದು ಸಂಖ್ಯೆ ಇಳಿಯುತ್ತ ಹೋಗಬೇಕು. “ಇದು ಇಳಿಯೋವರೆಗೂ ಮಗು ಯೋಚನೆ ಬೇಡ. ಆಮೇಲೆ ಧಾರಾಳವಾಗಿ,” ಎಂದಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಆ ಸಂಖ್ಯೆಗೆ ಕಾಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅತ್ತೆ. ವರದಿ ತರಲು ಹೋದ ದಿನ ದೇವರ ಮುಂದೆ ದೀಪ ಆರದಂತೆ ಎಣ್ಣೆ ಹಾಕುತ್ತ ಕೂತಿರುತ್ತಿದ್ದರು. ಅದು ನಟನೆಯಲ್ಲ.

ಮೊದಲ ಸಲ ಸ್ವಲ್ಪ ಇಳಿಯಿತು. ಮುಂದಿನ ಸಲ ಇಳಿಯಲಿಲ್ಲ. ಅದರ ಮುಂದಿನ ಸಲ ಏರಿತ್ತು.

“ಆಚೆ ಏನಾದ್ರೂ ತಿಂತಿದ್ದೀರಾ?” ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

“ಇಲ್ಲ.”

“ನೋಡಿಮ್ಮ, ನನ್ಹತ್ರ ಮುಚ್ಚಿಟ್ರೆ ನಿಮಗೇ ಲಾಸ್. ಬೇಕರಿ, ಚಾಟು, ಏನೂ ಇಲ್ಲ?”

“ಇಲ್ಲ.”

ಶಿವಾನಂದ ನನ್ನ ಪಕ್ಕದಲ್ಲೇ ಕೂತಿದ್ದರು. ಹೊರಗೆ ಪಾರ್ಕಿಂಗಿನಲ್ಲಿ ಹೆಲ್ಮೆಟ್ಟು ಕೈಗೆ ಕೊಡುತ್ತ ಕೇಳಿದರು.

“ಆ ಮಂಜುಳಾನ ಕೂಡ ಪಾನಿಪೂರಿ ಗಾಡಿಗೆ ಹೋಗ್ತೀಯೇನು?”

“ಇಲ್ಲ ಅಂದೆನಲ್ಲ.”

“ಬೈಯಾಕ ಕೇಳಿಲ್ಲ. ಆಸೆ ಆಗ್ತೈತಿ, ತಿಂತಾರ. ಹೇಳಿದ್ರ ಮುಗೀತು.”

“ತಿಂದಿಲ್ಲ.”

“ಮತ್ತ ನಂಬರ್ ತಾನ ಏರ್ತೈತೇನು?”

ಯಾವುದೇ ಅಳತೆ ತಾನಾಗಿ ಏರುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಕೆಲವು ದಿನಗಳಲ್ಲಿ ಹುಬ್ಬಳ್ಳಿಯ ಅಕ್ಕ ಫೋನಿನಲ್ಲಿ, “ಬಾಯಿ ಕಟ್ಟಿ ಸ್ವಲ್ಪ ದಿನ ಇರವಾ. ಒಂದ ಕೂಸಾಗಲಿ, ಆಮ್ಯಾಲ ಚಾಟ ತಿನ್ನಾಕ ಇದ್ದ ಐತಿ,” ಎಂದಳು. ಹಾಗೆ ಮಾತು ಅಲ್ಲಿಯವರೆಗೂ ಹೋಗಿತ್ತು ಎಂದು ತಿಳಿಯಿತು.

ನಾನು ಬಿಡುತ್ತಲೇ ಹೋದೆ. ಕ್ಯಾಂಟೀನಿನ ಚಹಾ ಬಿಟ್ಟೆ, ಪೇಟೆಯ ಖಾರದಪುಡಿ ಬಿಟ್ಟೆ, ಅಂಗಡಿಯ ಕಡ್ಲೆ ಹಿಟ್ಟು ಬಿಟ್ಟು ಮನೆಯಲ್ಲೇ ಬೇಳೆ ಬೀಸಿ ಜುಣಕ ಮಾಡಿದೆ. ಕೊನೆಗೆ ಅನ್ನ, ತೊವ್ವೆ, ಒಂದು ಪಲ್ಯ, ಮೊಸರು, ಎರಡು ರೊಟ್ಟಿ. ಅದರಾಚೆ ಏನೂ ಇಲ್ಲ. ಹೊಟ್ಟೆ ಮತ್ತೆ ಕೆಟ್ಟಿತು. ತಲೆಗೂದಲು ಬಾಚಣಿಗೆಯಲ್ಲಿ ಗಂಟುಗಂಟಾಗಿ ಬರತೊಡಗಿತು. ಸ್ನಾನದ ಮನೆಯಲ್ಲಿ ಒಬ್ಬಳೇ ನಿಂತು, ಎಲ್ಲೋ ನನಗೆ ಗೊತ್ತಿಲ್ಲದೆ ನಾನೇ ತಿನ್ನುತ್ತಿದ್ದೇನೆಯೇ ಎಂದು ಯೋಚಿಸಿದ್ದೇನೆ. ತಿಂದಿಲ್ಲ ಎಂದು ಹೇಳುವ ಮಾತನ್ನು ಯಾರೂ ನಂಬದಿದ್ದರೆ ಕ್ರಮೇಣ ಹೇಳುವವರಿಗೂ ಅದು ಸುಳ್ಳಿನಂತೆ ಕೇಳಿಸುತ್ತದೆ.

ಆ ನಡುವೆ ಅತ್ತೆ ಹುಬ್ಬಳ್ಳಿಗೆ, ಮಗಳ ಮನೆಗೆ ಹೋದರು. ಭಾನುವಾರ ಬೆಳಿಗ್ಗೆ ನಾನೇ ರೊಟ್ಟಿಗೆ ಕೂತೆ. ನಾನೇ ಆರಿಸಿ, ನಾನೇ ಬೀಸಿ ತುಂಬಿಟ್ಟಿದ್ದ ಜೋಳದ ಹಿಟ್ಟು. ಬಿಸಿನೀರು ಹಾಕಿ ನಾದಿ ತಟ್ಟಲು ಹೋದರೆ ಎರಡನೆಯ ಸುತ್ತಿಗೇ ಅಂಚು ಸೀಳಿತು. ಇನ್ನೊಂದು ತಟ್ಟಿದೆ, ಎತ್ತುವಾಗ ನಡುವೆ ಹರಿಯಿತು. ನೀರು ಹೆಚ್ಚು ಕುದಿಸಿದೆ, ಹೆಚ್ಚು ಹೊತ್ತು ನಾದಿದೆ. ಎಲ್ಲ ನಕಾಶೆಗಳೇ. ನನ್ನ ಕೈಯ ದೋಷವೆಂದುಕೊಂಡು ಅತ್ತೆಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಟ್ಟೆ.

“ಅತ್ತೆ, ರೊಟ್ಟಿ ಒಡೀತೈತಿ. ಎತ್ತಾಕೇ ಬರವಲ್ದು.”

ಅವರಿಗೆ ಸಂತೋಷವಾಯಿತು. ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಮದುವೆಯಾದ ಆರು ವರ್ಷದಲ್ಲಿ ನಾನು ಅವರನ್ನು ಏನನ್ನೂ ಕಲಿಸಿ ಎಂದು ಕೇಳಿರಲಿಲ್ಲ.

“ನಿನ್ನ ಕೈಯಾಂದಲ್ಲ ಬಿಡವಾ. ಬೆಂಗಳೂರಿನ ಜ್ವಾಳಕ್ಕ ಜಿಗಿನ ಇಲ್ಲ. ಹಳೇ ಜ್ವಾಳ, ಹಿಟ್ಟು ಹಿಡಿಯಂಗಿಲ್ಲ. ಊರಾಗಾದ್ರ ನಾ ಬರೇ ನೀರಾಗ ತಟ್ಟತಿದ್ದೆ.”

“ಮತ್ತೆ ನೀವು ಹೆಂಗೆ ಮಾಡ್ತಿದ್ರಿ?”

“ಅದಕ್ಕೇನು, ಒಂದ ಹಿಡಿ ಗೋಧಿ ಹಿಟ್ಟು ಕೂಡಿಸಬೇಕು. ಕೆಳಗಿನ ಕಪಾಟಿನ್ಯಾಗ ಇಟ್ಟೀಯಲ್ಲ, ಆ ಡಬ್ಬಿದು. ಭಾಳ ಬ್ಯಾಡ, ಒಂದ ಹಿಡಿ. ನೋಡು ಹೆಂಗ ಏಳತಾವ.”

ಹಂಚು ಹೊಗೆಯಾಡುತ್ತಿತ್ತು. ಒಲೆ ಆರಿಸಿದೆ.

“ನನ್ನ ರೊಟ್ಟಿಗೂ ಹಾಕ್ತಿದ್ರಾ ಅತ್ತೆ?”

“ಹೂಂ ಮತ್ತ. ಮುರಕ ರೊಟ್ಟಿ ನಿನ್ನ ಡಬ್ಬಿಗೆ ಕಟ್ಟಲೇನು? ಅಲ್ಲಿ ನಾಕ ಮಂದಿ ನೋಡ್ತಾರ.”

“ಗೋಧಿ ಬ್ಯಾಡ ಅಂದಿದ್ರಲ್ಲ ಡಾಕ್ಟರು.”

“ಚಪಾತಿ ಎಲ್ಲಿ ಕೊಟ್ಟೀನಿ ನಿನಗ? ಪಥ್ಯ ಅಂದ್ರ ಕಡಿಮಿ ತಿನ್ನೂದವಾ. ಬಾಣಂತಿಗೂ ನಾವು ಉಪ್ಪು ಪೂರಾ ಬಿಡಸಂಗಿಲ್ಲ. ಒಂದ ಹಿಡಿಯಾಗ ಏನಾಗ್ತೈತಿ?”

ನಾನು ಏನೆಂದೆನೋ ನೆನಪಿಲ್ಲ. ಬಹುಶಃ ಆಯ್ತು ಅತ್ತೆ ಎಂದಿರಬೇಕು. ಅವರು ಮೊಮ್ಮಗಳ ಕೆಮ್ಮಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿ ಫೋನಿಟ್ಟರು.

ಶಿವಾನಂದ ಪೇಪರು ಓದುತ್ತ ಹೊರಗೆ ಕೂತಿದ್ದರು. ಸ್ಪೀಕರಿನಲ್ಲಿ ಎಲ್ಲವೂ ಕೇಳಿಸಿತ್ತು. ಪೇಪರು ಮಡಿಸಲಿಲ್ಲ.

“ಅವ್ವ ಬೇಕಂತ ಮಾಡ್ಯಾಳೇನು?”

“ಬೇಕಂತ ಅಂತ ನಾನು ಹೇಳಲಿಲ್ಲ.”

“ಮತ್ತ?”

“ನಾನು ಪಾನಿಪೂರಿ ತಿಂದಿರಲಿಲ್ಲ.”

“ಆತು ಬಿಡು. ಈಗರ ಗೊತ್ತಾತಲ್ಲ.”

“ನಿಮ್ಮ ಅಕ್ಕಗೆ ಹೇಳಿದ್ರಿ.”

“ಅದನ್ನ ಈಗ ಫೋನ್ ಮಾಡಿ ತಿದ್ದಬೇಕೇನು ಸುಮಾ? ಅವ್ವಗ ಎಷ್ಟು ಬ್ಯಾಸರ ಆಗ್ತೈತಿ, ವಿಚಾರ ಮಾಡು.”

ಆ ದಿನ ಪರಾತದಲ್ಲಿ ಉಳಿದ ಹಿಟ್ಟಿಗೆ ಮಜ್ಜಿಗೆ, ಜೀರಿಗೆ, ಉಪ್ಪು ಹಾಕಿ ಅಂಬಲಿ ಕಾಯಿಸಿ ಕುಡಿದೆ. ಅದಕ್ಕೆ ಜಿಗಿ ಬೇಕಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ಬಾಯಿಗೆ ಹೋಗುವುದೆಲ್ಲವನ್ನೂ ನಾನೇ ಬೇಯಿಸಿಕೊಳ್ಳತೊಡಗಿದೆ. ಬೆಳಿಗ್ಗೆ ಜೋಳದ ನುಚ್ಚು ಅಥವಾ ಅಕ್ಕಿ ತರಿಯ ಉಪ್ಪಿಟ್ಟು, ಮಧ್ಯಾಹ್ನಕ್ಕೆ ಅನ್ನ ಹೆಸರುಕಾಳು, ಸಂಜೆ ಮುದ್ದೆ ಸೊಪ್ಪಿನ ಸಾರು. ಹೊಸದಾಗಿ ಗೊತ್ತಾದವರಿಗೆ ಹೇಳುವುದಾದರೆ, ಊಟ ಸಪ್ಪೆಯಾಗುತ್ತದೆ ಎಂದು ಹೆದರಬೇಡಿ. ನಮ್ಮ ಸೀಮೆಯ ಅರ್ಧ ಅಡುಗೆಗೆ ಗೋಧಿಯ ಹಂಗಿಲ್ಲ. ಹೆದರಬೇಕಾದದ್ದು ಬೇರೆಯವರ ಪ್ರೀತಿಯ ಕೈಗೆ. ಆ ಕೈಗೆ ಬೇಡ ಎನ್ನುವುದು ಕಲಿಯಬೇಕು. ನಾನು ತಡವಾಗಿ ಕಲಿತೆ.

ಹುಬ್ಬಳ್ಳಿಯಿಂದ ಬಂದ ಅತ್ತೆಗೆ, ನನ್ನ ರೊಟ್ಟಿ ಇನ್ನು ನೀವು ಮಾಡುವುದು ಬೇಡ ಎಂದೆ. ಅವರು ವಾದಿಸಲಿಲ್ಲ. “ನನ್ನ ಕೈ ನಿನಗ ವಿಷ ಆತೇನವಾ,” ಎಂದು ಒಂದೇ ಮಾತು. ಕೆಲವು ತಿಂಗಳು ನನ್ನೊಡನೆ ಬೇಕಾದಷ್ಟೇ ಮಾತು. ನೆಂಟರು ಬಂದರೆ ನನ್ನ ಹಂಚನ್ನು ತೋರಿಸಿ, “ಅದು ಸಾಹೇಬರದು, ಮುಟ್ಟಬ್ಯಾಡ್ರಿ,” ಎನ್ನುತ್ತಿದ್ದರು. ನೆಂಟರು ನಗುತ್ತಿದ್ದರು.

ಸಂಖ್ಯೆ ಇಳಿಯಿತು. ಮತ್ತೊಮ್ಮೆ ಇಳಿಯಿತು. ಕೊನೆಗೆ ಡಾಕ್ಟರು ವರದಿಯಲ್ಲಿ ಆ ಸಂಖ್ಯೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು, “ಈಗ ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ. ಇಷ್ಟು ದಿನ ಸುಮ್ನೆ ವೇಸ್ಟ್ ಮಾಡಿದ್ರಿ,” ಎಂದರು. ಶಿವಾನಂದರ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ಜೀರ್ಣಾಂಗಗಳ ಚಿತ್ರ ನೋಡುತ್ತಿದ್ದರು. ಹೊರಗೆ ಬಂದವರೇ ತಾಯಿಗೆ ಫೋನ್ ಮಾಡಿದರು. “ಅವ್ವಾ, ಇಳದೈತಿ.” ಆ ಕಡೆಯಿಂದ ಅತ್ತೆಯ ಧ್ವನಿ ನನಗೂ ಕೇಳಿಸಿತು. “ನಾ ಹರಕಿ ಹೊತ್ತಿದ್ದೆ. ದೇವರು ಕಣ್ಣ ತೆರದ.”

ಅದಾಗಿ ಬಹಳ ಕಾಲವಾಯಿತು. ಮಗು ಆಗಿಲ್ಲ. ಆಗದಿರಲು ಕಾರಣವೇನೂ ಕಾಣುವುದಿಲ್ಲ ಎನ್ನುತ್ತಾರೆ ಡಾಕ್ಟರು, ವಯಸ್ಸೂ ನೋಡಬೇಕು ಎನ್ನುತ್ತಾರೆ. ಹಿಡಿ ಹಿಟ್ಟಿನಲ್ಲಿ ಕಳೆದ ಆ ವರ್ಷ ಕೈಯಲ್ಲಿದ್ದಿದ್ದರೆ ಬೇರೆಯಾಗುತ್ತಿತ್ತೆ ಎಂಬುದು ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಗೊತ್ತಿರುವಂತೆ ಬರೆಯಲಾರೆ. ಆದರೆ ಆ ವರ್ಷ ನನ್ನದಾಗಿತ್ತು.

ಕಳೆದ ಶ್ರಾವಣದಲ್ಲಿ ನನಗೆ ಜ್ವರ ಬಂತು. ಎರಡು ದಿನ ಏಳಲಾಗಲಿಲ್ಲ. ಮೂರನೆಯ ಬೆಳಿಗ್ಗೆ ಅಡುಗೆಮನೆಯಿಂದ ತಟ್ಟುವ ಸದ್ದು ಕೇಳಿ ಗೋಡೆ ಹಿಡಿದು ಎದ್ದು ಹೋದೆ. ಅತ್ತೆ ನನ್ನ ಪರಾತ, ನನ್ನ ಹಂಚು ಇಟ್ಟುಕೊಂಡು ಕೂತಿದ್ದರು. ಕೆಳಗಿನ ಕಪಾಟಿನ ಬಾಗಿಲು ಮುಚ್ಚಿತ್ತು, ಅದರ ಮುಂದೆ ತಮ್ಮ ಮಣೆಯನ್ನೇ ಅಡ್ಡ ಹಾಕಿಕೊಂಡಿದ್ದರು. ಅವರ ಕೈಯಲ್ಲಿದ್ದ ರೊಟ್ಟಿಯ ಅಂಚು ಸೀಳಿತು. ಒದ್ದೆ ಬೆರಳಿನಿಂದ ಸವರಿ ಕೂಡಿಸಿದರು, ಮತ್ತೆ ಸೀಳಿತು. ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಪಕ್ಕದ ಬುಟ್ಟಿಯಲ್ಲಿ ಬಟ್ಟೆಯ ಕೆಳಗೆ ಅಂಥವೇ ಇನ್ನಷ್ಟು ಇದ್ದವು.

ನನ್ನನ್ನು ನೋಡಿ ಬಟ್ಟೆಯನ್ನು ಎಳೆದು ಮುಚ್ಚಿದರು.

“ಏನೂ ಕೂಡಿಸಿಲ್ಲ,” ಎಂದರು. “ನೀನ ನೋಡಾಕತ್ತಿ.”

ಕೆಳಗೆ ಕೂತು ಬಟ್ಟೆ ಸರಿಸಿ ಒಂದು ತುಂಡು ತೆಗೆದುಕೊಂಡೆ. ಶೇಂಗಾ ಚಟ್ನಿಪುಡಿ, ಮೊಸರು ಹಾಕಿಕೊಟ್ಟರು. ಜ್ವರದ ಬಾಯಿಗೂ ರುಚಿಯಾಗಿತ್ತು. ನಾನು ತಿನ್ನುವುದನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರು. ಅವರು ಏನಾದರೂ ಹೇಳುತ್ತಾರೆಂದು ಕಾದೆ. ಬಹಳ ದಿನದಿಂದ ಕಾಯುತ್ತಿದ್ದ ಮಾತು, ಬಂದರೆ ಈಗ ಬರಬೇಕು ಅನ್ನಿಸಿತು.

“ಯಾರ ಮುಂದೂ ಹೇಳಬ್ಯಾಡವಾ,” ಎಂದರು ಅತ್ತೆ. “ನನ್ನ ರೊಟ್ಟಿ ಮುರದ್ವು ಅಂತ.”

ಹೇಳುವುದಿಲ್ಲ ಎಂದೆ. ಇಲ್ಲಿಯವರೆಗೆ ಹೇಳಿರಲಿಲ್ಲ. ಆ ಒಂದು ಹಿಡಿ ಹಿಟ್ಟಿನ ವಿಷಯ ಯಾರ ಮುಂದೂ ಹೇಳಬೇಡ ಎಂದು ಮಾತ್ರ ನಮ್ಮ ಮನೆಯಲ್ಲಿ ಈವರೆಗೆ ಯಾರೂ ನನ್ನನ್ನು ಕೇಳಿಕೊಂಡಿಲ್ಲ.